ಕೆಂಪು ಚುಕ್ಕೆಯ ಕಥೆ: ಡಬ್ಲಿನ್‌ನಿಂದ ಸೊಂಟದ ಪಿಸ್ತೂಲಿನವರೆಗೆ

ಬಂದೂಕಿನ ಗಾಜಿನೊಳಗೆ ಹೊಳೆಯುವ ಕೆಂಪು ಚುಕ್ಕೆಯನ್ನ ಮೊಬೈಲ್ ಗೇಮ್‌ಗಳಲ್ಲಿ ನೋಡಿರ್ತೀರಿ. ಅದರ ಮೂಲ ಐರ್ಲೆಂಡಿನ ಡಬ್ಲಿನ್. ದೂರದರ್ಶಕ ತಯಾರಿಸುತ್ತಿದ್ದ ಹೋವರ್ಡ್ ಗ್ರಬ್, 1900ರಲ್ಲಿ ಗಾಜಿನಲ್ಲಿ ಪ್ರತಿಫಲಿಸುವ ಗುರುತಿಗೆ ಪೇಟೆಂಟ್ ಪಡೆದರು. ಕಣ್ಣು ಸ್ವಲ್ಪ ಆಚೀಚೆ ಆದ್ರೂ ಗುರುತು ಗುರಿಯ ಮೇಲೇ ಇರುತ್ತೆ.

ಮುಂದೆ ಯುದ್ಧವಿಮಾನಗಳಿಗೂ ಇದೇ ತತ್ವ. ಕೈಯಲ್ಲಿ ಹಿಡಿಯೋ ಬಂದೂಕಿಗೆ? 1975ರಲ್ಲಿ ಸ್ವೀಡನ್‌ನ ಏಮ್‌ಪಾಯಿಂಟ್ ಬ್ಯಾಟರಿ ಚುಕ್ಕೆ ತಂದಿತು.

ಪಿಸ್ತೂಲಿನ ಕಷ್ಟವೇ ಬೇರೆ. ಗುಂಡು ಹಾರಿದಾಗಲೆಲ್ಲ ಮೇಲಿನ ಸ್ಲೈಡ್ ರಭಸವಾಗಿ ಹಿಂದೆ ಮುಂದೆ ಓಡುತ್ತೆ; ಅದರ ಮೇಲಿರುವ ಗಾಜು, ಬ್ಯಾಟರಿ ಎಲ್ಲಕ್ಕೂ ಏಟು. 2009ರಲ್ಲಿ ಬಂದ ಟ್ರಿಜಿಕಾನ್ ಆರ್‌ಎಂಆರ್ ಅದನ್ನ ತಡೆಯುವಷ್ಟು ಗಟ್ಟಿಯಾಗಿತ್ತು.

ಹಾಗಾಗಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವ ಅಮೆರಿಕದವರು ಆಯ್ಕೆ ಮಾಡುವಾಗ ಕೇಳಬೇಕಾದ್ದು ಒಂದೇ: ಪ್ರಾಣ ಹೋಗೋ ಕ್ಷಣದಲ್ಲಿ ಚುಕ್ಕೆ ಉರಿಯುತ್ತಾ? ಆರಿಹೋದ್ರೆ ಅಂತಲೇ ಎಷ್ಟೋ ಜನ ಹಳೇ ಲೋಹದ ಗುರುತನ್ನ ಇನ್ನೂ ಕಿತ್ತಿಲ್ಲ.