ಸೊಲ್ಲಾಪುರ–ಅಕ್ಕಲಕೋಟೆ: ಗಡಿಗೆರೆ ಮತ್ತು ಕನ್ನಡ ಶಾಲೆ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಇಂದಿನ ರಾಜ್ಯಗಡಿಗಿಂತ ಬಹಳ ಹಳೆಯದು. 12ನೇ ಶತಮಾನದ ಶರಣ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಸೊಲ್ಲಾಪುರ. ಬ್ರಿಟಿಷರ ಕಾಲದಲ್ಲಿ ಅದು ಮುಂಬಯಿ ಪ್ರಾಂತ್ಯದ ಜಿಲ್ಲಾ ಕೇಂದ್ರ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1950ರ ಕನ್ನಡ ಸಾಹಿತ್ಯ ಸಮ್ಮೇಳನ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲೇ ನಡೆಯಿತು. ಈ ಊರಿನ ಜಯದೇವಿತಾಯಿ ಲಿಗಾಡೆ ಮರಾಠಿ ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ‘ಸಿದ್ಧರಾಮ ಪುರಾಣ’ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆ ಅವರೇ.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಗಡಿ ತಕರಾರು ಬಗೆಹರಿಸಲು ಕೇಂದ್ರ ಸರ್ಕಾರ 1966ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. ಅಕ್ಕಲಕೋಟೆ ತಾಲ್ಲೂಕು ಪೂರ್ತಿಯಾಗಿ, ದಕ್ಷಿಣ ಸೊಲ್ಲಾಪುರದ 65 ಹಳ್ಳಿಗಳು, ಜತ್ತ ಮತ್ತು ಗಡಹಿಂಗ್ಲಜ ತಾಲ್ಲೂಕುಗಳ ಕೆಲವು ಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ವರದಿ ಶಿಫಾರಸು ಮಾಡಿತು. ಬೆಳಗಾವಿ ನಗರವನ್ನು ಮೈಸೂರಿನಲ್ಲೇ ಉಳಿಸಿದ್ದರಿಂದ ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಮೈಸೂರು ಒಪ್ಪಿದರೂ ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ವ್ಯಾಜ್ಯ ಹೀಗೆ ಬೆಳೆಯುತ್ತಿದ್ದಾಗ ಭಾಷಾ ಅಲ್ಪಸಂಖ್ಯಾತರ ಹಕ್ಕು ಶಾಲೆಯಲ್ಲಿ ನೆಲೆ ಕಂಡಿತು. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯಗಳು ಶ್ರಮಿಸಬೇಕು ಎನ್ನುತ್ತದೆ. ಈ ತಾಲ್ಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. 1967ರಲ್ಲಿ ಪುಣೆಯಲ್ಲಿ ಆರಂಭವಾದ ‘ಬಾಲಭಾರತಿ’ ಸಂಸ್ಥೆ ಅವುಗಳಿಗೆ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಮಹಾರಾಷ್ಟ್ರದ ಪಠ್ಯಕ್ರಮದಂತೆ ನಾಲ್ಕನೇ ತರಗತಿಯ ಮಕ್ಕಳು ಶಿವಾಜಿಯ ಚರಿತ್ರೆಯನ್ನು ಓದುವುದು ಕನ್ನಡದಲ್ಲೇ.

ಮುಂದಿನ ಓದಿಗೆ ಕರ್ನಾಟಕ ಬಾಗಿಲು ತೆರೆದಿದೆ. ವೃತ್ತಿಶಿಕ್ಷಣದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಅರ್ಹತೆಯ ಕಲಮಿದೆ. ಅದರಲ್ಲಿ ಹೆಸರಿಸಿರುವ ಮಹಾರಾಷ್ಟ್ರದ ತಾಲ್ಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗಡಹಿಂಗ್ಲಜ. ಮಹಾಜನ್ ವರದಿ ಹೆಸರಿಸಿದ್ದ ಇವೇ ತಾಲ್ಲೂಕುಗಳು ಹೀಗೆ ಪ್ರವೇಶದ ಅರ್ಜಿಯಲ್ಲಿ ಉಳಿದುಕೊಂಡವು. ಅಭ್ಯರ್ಥಿ ಅಲ್ಲಿ ಓದಿರಬೇಕು, ಕನ್ನಡ ಭಾಷಾ ಪರೀಕ್ಷೆಯನ್ನೂ ಪಾಸು ಮಾಡಬೇಕು. 2010ರ ಕಾಯ್ದೆಯಂತೆ ರಚನೆಯಾದ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವು ನೀಡುತ್ತದೆ.

ಪುಸ್ತಕ, ಶಿಕ್ಷಕರು ಮಹಾರಾಷ್ಟ್ರದಿಂದ, ಸೀಟು ಮತ್ತು ಅನುದಾನ ಕರ್ನಾಟಕದಿಂದ. ಎರಡು ಸರ್ಕಾರಗಳ ನಡುವೆ ಒಪ್ಪಂದವಿಲ್ಲದೆಯೇ ಕೂಡಿಬಂದ ಏರ್ಪಾಡು ಇದು. ಶಿಕ್ಷಣದಾಚೆಗೆ ಇಂಥದ್ದು ಬೆಳೆಯಲಿಲ್ಲ. 2022ರ ಕೊನೆಯಲ್ಲಿ ಗಡಿವಿವಾದ ಮತ್ತೆ ಕಾವೇರಿದಾಗ, ಕರ್ನಾಟಕಕ್ಕೆ ಸೇರುತ್ತೇವೆಂದು ದನಿಯೆತ್ತಿದ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳು ಮುಂದಿಟ್ಟ ದೂರು ರಸ್ತೆ, ನೀರಿನಂಥ ಮೂಲ ಸೌಕರ್ಯಗಳದ್ದೇ ಆಗಿತ್ತು.