ಸಾರಿಗೆ ಒಂದಿಷ್ಟು ನೀರು ಹೆಚ್ಚಿಗೆ ಸೇರಿಸಿದವರು

ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ನಾವು ಮೊದಲು ನಿಲ್ಲಿಸುವುದು ಯಾವುದನ್ನು? ನೆರೆಮನೆಗೆ ಕಳುಹಿಸುತ್ತಿದ್ದ ಬಟ್ಟಲನ್ನು, ಅತಿಥಿಯನ್ನು ಊಟಕ್ಕೆ ಕರೆಯುವುದನ್ನು. ‘ಇದ್ದದ್ದು ನಮಗೇ ಸಾಲದು’ ಎಂಬ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಆದರೆ ರೊಟ್ಟಿ ಮತ್ತು ಸಾರಿನ ಇತಿಹಾಸವು ಮಿತವ್ಯಯಕ್ಕೆ ಬೇರೆಯೇ ಅರ್ಥವನ್ನು ಕಲಿಸುತ್ತದೆ.

ರೊಟ್ಟಿಯನ್ನು ಮುರಿದು ಮಾಂಸದ ಸಾರಿನಲ್ಲಿ ನೆನೆಸಿದ ಆಹಾರವನ್ನು ಅರಬರು ‘ಸರೀದ್’ ಎಂದು ಕರೆಯುತ್ತಾರೆ. ಇದರಲ್ಲಿ ಒಣಗಿದ ರೊಟ್ಟಿಯೂ ವ್ಯರ್ಥವಾಗುವುದಿಲ್ಲ; ತುಸು ಮಾಂಸದ ರುಚಿ ಇಡೀ ಹರಿವಾಣಕ್ಕೆ ಹರಡುತ್ತದೆ. ಪ್ರವಾದಿವರ್ಯರ(ಸ) ಮುತ್ತಜ್ಜನ ನಿಜನಾಮ ಅಮ್ರ್. ಮಕ್ಕಾದಲ್ಲಿ ಬರಗಾಲ ಬಂದಾಗ ಅವರು ಜನರಿಗಾಗಿ ರೊಟ್ಟಿಯನ್ನು ಪುಡಿಮಾಡಿ ಸಾರಿನೊಂದಿಗೆ ಬಡಿಸಿದರು. ಆದ್ದರಿಂದಲೇ ‘ಹಾಶಿಮ್’, ಅಂದರೆ ಮುರಿಯುವವನು, ಎಂಬ ಹೆಸರು ಬಂತೆಂದು ಚರಿತ್ರೆಕಾರರು ಬರೆದಿದ್ದಾರೆ. ಬನೂ ಹಾಶಿಮ್ ಎಂಬ ಮನೆತನದ ಹೆಸರೇ ಹಸಿದವರಿಗೆ ಬಡಿಸಿದ ರೊಟ್ಟಿಯ ನೆನಪಾಗಿದೆ.

ಮದೀನಾದ ಮನೆಗಳ ರೊಟ್ಟಿ ಮೃದುವಾದುದಾಗಿರಲಿಲ್ಲ. ಆ ಕಾಲದಲ್ಲಿ ಹಿಟ್ಟು ಸೋಸಲು ಜರಡಿ ಇರಲಿಲ್ಲ. ಜವೆಗೋಧಿಯನ್ನು ಬೀಸಿ, ಹೊಟ್ಟನ್ನು ಬಾಯಿಯಿಂದ ಊದಿ, ಉಳಿದುದನ್ನು ನಾದುತ್ತಿದ್ದರೆಂದು ಹಝ್ರತ್ ಸಹ್ಲ್ ಬಿನ್ ಸಅದ್(ರ) ತಿಳಿಸಿದ್ದಾರೆ. ಒಮ್ಮೆ ಒಬ್ಬ ದರ್ಜಿ ಪ್ರವಾದಿವರ್ಯರನ್ನು(ಸ) ಊಟಕ್ಕೆ ಕರೆದನು. ಬಡಿಸಿದ್ದು ಜವೆಗೋಧಿ ರೊಟ್ಟಿ ಹಾಗೂ ಸೋರೆಕಾಯಿ ಮತ್ತು ಒಣಮಾಂಸದ ಸಾರು. ಜೊತೆಯಲ್ಲಿದ್ದ ಹಝ್ರತ್ ಅನಸ್(ರ), ಅವರು ತಟ್ಟೆಯ ಸುತ್ತಲಿಂದ ಸೋರೆಕಾಯಿಯ ಹೋಳುಗಳನ್ನು ಆರಿಸಿಕೊಳ್ಳುವುದನ್ನು ಕಂಡರು. ಅಂದಿನಿಂದ ಅನಸರಿಗೂ(ರ) ಸೋರೆಕಾಯಿ ಪ್ರಿಯವಾಯಿತು. ಸರಳ ಅಡುಗೆಯೆಂದು ದರ್ಜಿ ಕರೆಯಲು ಸಂಕೋಚಪಡಲಿಲ್ಲ, ಪ್ರವಾದಿವರ್ಯರು(ಸ) ಹೋಗಲು ಹಿಂಜರಿಯಲೂ ಇಲ್ಲ.

ಹಝ್ರತ್ ಅಬೂದರ್ರ್‌ರಿಗೆ(ರ) ಪ್ರವಾದಿವರ್ಯರು(ಸ) ನೀಡಿದ ಉಪದೇಶ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾರು ಮಾಡುವಾಗ ನೀರನ್ನು ಹೆಚ್ಚಿಸಿ ನೆರೆಯವರನ್ನು ನೆನಪಿಸಿಕೊಳ್ಳಬೇಕೆಂಬುದು ಅದರ ಸಾರಾಂಶ. ಮಾಂಸವನ್ನು ಹೆಚ್ಚಿಸಲು ಹೇಳಲಿಲ್ಲವೆಂಬುದನ್ನು ಗಮನಿಸೋಣ. ನೀರು ಬಡವನ ಮನೆಯಲ್ಲಿಯೂ ಇರುತ್ತದೆ. ಹಾಗಾಗಿ ಹಂಚಿಕೊಳ್ಳುವ ಹೊಣೆಯಿಂದ ಯಾರೂ ಹೊರಗುಳಿಯಲಾರರು.

ಹಿಜ್‌ರಿ 18ರಲ್ಲಿ ಮದೀನಾದ ಸುತ್ತ ಭೀಕರ ಕ್ಷಾಮ ಬಂತು. ನೆಲ ಬೂದಿಯಂತಾದ ಆ ವರ್ಷವನ್ನು ‘ಆಮುರ್ರಮಾದ’, ಬೂದಿಯ ವರ್ಷ, ಎನ್ನುತ್ತಾರೆ. ಹಸಿದು ಬಂದ ಬದವೀಗಳಿಗೆ ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡಿಸಿ ಬಡಿಸಿದ ಖಲೀಫ ಹಝ್ರತ್ ಉಮರ್(ರ), ಜನರ ಕಷ್ಟ ತೀರುವವರೆಗೂ ತಾವು ತುಪ್ಪ, ಮಾಂಸ ಮುಟ್ಟುವುದಿಲ್ಲವೆಂದು ನಿಶ್ಚಯಿಸಿ ರೊಟ್ಟಿ ಮತ್ತು ಎಣ್ಣೆಯಲ್ಲಿ ದಿನ ಕಳೆದರು. ಅವರು ತಮ್ಮ ತಟ್ಟೆಯನ್ನು ಕಿರಿದುಗೊಳಿಸಿದರು, ಜನರ ತಟ್ಟೆಯನ್ನಲ್ಲ.

ಶತಮಾನಗಳ ಬಳಿಕ ಇದೇ ಭಾವನೆ ಸಂಸ್ಥೆಯ ರೂಪ ತಳೆಯಿತು. ಉಸ್ಮಾನೀ ಸುಲ್ತಾನ್ ಸುಲೈಮಾನರ ಪತ್ನಿ ಹುರ್ರಮ್ ಸುಲ್ತಾನ 1552ರಲ್ಲಿ ಜೆರುಸಲೇಮಿನಲ್ಲಿ ವಕ್ಫ್ ಅಡುಗೆಮನೆಯೊಂದನ್ನು ಸ್ಥಾಪಿಸಿದರು. ಅಲ್ಲಿ ಬಡವರಿಗೆ ದಿನಕ್ಕೆರಡು ಬಾರಿ ಬಿಸಿ ಸಾರು ಮತ್ತು ರೊಟ್ಟಿ ದೊರೆಯುತ್ತಿತ್ತು. ಆ ಅಡುಗೆಮನೆಯ ಒಲೆ ನಮ್ಮ ಕಾಲದವರೆಗೂ ಉರಿದಿದೆ.

ರಮಝಾನಿನಲ್ಲಿ ನಮ್ಮ ಅನೇಕ ಮಸೀದಿಗಳಲ್ಲಿ ಬೇಯುವ ಗಂಜಿಯೂ ಇದೇ ಪರಂಪರೆಗೆ ಸೇರಿದುದು. ಉಳಿದ ಹನ್ನೊಂದು ತಿಂಗಳು ಆ ಹೊಣೆ ನಮ್ಮ ಮನೆಯ ಒಲೆಗೆ ಸೇರಿದೆ. ಒಂದಿಷ್ಟು ಮೂಳೆ, ಒಂದು ಹಿಡಿ ಬೇಳೆ, ಒಂದು ಸೋರೆಕಾಯಿ, ನಿನ್ನೆಯ ರೊಟ್ಟಿ: ಇಷ್ಟಿದ್ದರೆ ಸರೀದ್ ಸಿದ್ಧವಾಗುತ್ತದೆ. ಇಳಿಸುವ ಮುನ್ನ ಒಂದು ಲೋಟ ನೀರು ಸೇರಿಸಿ ಮತ್ತೊಮ್ಮೆ ಕುದಿಸಿದರೆ ಪಕ್ಕದ ಮನೆಗೂ ಒಂದು ಬಟ್ಟಲು ಸಿಗುತ್ತದೆ. ಖರ್ಚನ್ನು ತಗ್ಗಿಸೋಣ, ಬಟ್ಟಲುಗಳ ಸಂಖ್ಯೆಯನ್ನು ತಗ್ಗಿಸದಿರೋಣ. ಮಿತವ್ಯಯಕ್ಕೂ ಜಿಪುಣತನಕ್ಕೂ ನಡುವಿನ ಅಂತರ ಆ ಒಂದು ಲೋಟ ನೀರಿನಷ್ಟೇ.

ಅಲ್ಲಾಹನು ನಮ್ಮ ಅನ್ನದಲ್ಲಿ ಬರಕತ್ ನೀಡಲಿ, ನೆರೆಯವರ ಹಸಿವನ್ನು ಅರಿಯುವ ಹೃದಯವನ್ನು ಕರುಣಿಸಲಿ. ಆಮೀನ್.