ರೊಟ್ಟಿ, ಕಾಳು, ಚಟ್ನಿ: ಬಾಗಲಕೋಟೆ ಸೀಮೆಯ ಮನೆಯೂಟ ಮತ್ತು ಅದರ ಲೆಕ್ಕ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ದಿನದ ಊಟ ಎಂದರೆ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ತಪ್ಪಲ ಪಲ್ಯ ಇಲ್ಲವೇ ಬದನೆಕಾಯಿ, ಶೇಂಗಾ ಅಥವಾ ಅಗಸಿ ಚಟ್ನಿ, ಮೊಸರು ಅಥವಾ ಮಜ್ಜಿಗೆ, ಕಡಿದುಕೊಳ್ಳಲು ಉಳ್ಳಾಗಡ್ಡಿ. ಕೊನೆಗೆ ಒಂದಿಷ್ಟು ಅನ್ನ, ಸಾರು. ಕೂಲಿಗೆ ಹೋಗುವವರ ಬುತ್ತಿಯಲ್ಲೂ ಇದೇ, ಹತ್ತಾರು ಎಕರೆ ಹೊಲ ಇದ್ದವರ ಮನೆಯಲ್ಲೂ ಇದೇ. ಪಲ್ಯದ ಎಣ್ಣೆಯಲ್ಲಿ, ಮೊಸರಿನ ಗಟ್ಟಿಯಲ್ಲಿ ವ್ಯತ್ಯಾಸ ಇರಬಹುದು, ಅಷ್ಟೆ. ಕಡಿಮೆ ಖರ್ಚಿನಲ್ಲಿ ಹೊಟ್ಟೆಯನ್ನೂ ಮೈಯನ್ನೂ ಗಟ್ಟಿಯಾಗಿಡುವ ಊಟಗಳಲ್ಲಿ ಇದಕ್ಕೆ ಸಾಟಿ ಕಡಿಮೆ. ಆ ಅಗ್ಗಕ್ಕೆ ಕಾರಣ ಹುಡುಕುತ್ತ ಹೋದರೆ ಅಡುಗೆಮನೆ ದಾಟಿ ಹೊಲಕ್ಕೆ ಹೋಗಬೇಕಾಗುತ್ತದೆ.

ಎರಿ ಹೊಲ, ಅಕ್ಕಡಿ ಸಾಲು

1997ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರ್ ಮುಟ್ಟುವುದಿಲ್ಲ. ಕೃಷ್ಣೆ, ಘಟಪ್ರಭೆಯ ನೀರು ಹರಿದ ಮುಧೋಳ, ಜಮಖಂಡಿ ಕಡೆ ಕಬ್ಬು ತುಂಬಿದೆ. ಹುನಗುಂದ, ಇಳಕಲ್, ಬಾದಾಮಿ ಕಡೆಯ ಬಹಳಷ್ಟು ಹೊಲ ಮಾತ್ರ ಇಂದಿಗೂ ಮಳೆಯನ್ನೇ ನಂಬಿದೆ. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಸೆಪ್ಟೆಂಬರ್‌ ಹೊತ್ತಿಗೆ ಬಿದ್ದ ಮಳೆಯನ್ನು ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆ ಹಸಿಯ ಮೇಲೆ ಹಿಂಗಾರಿ ಬಿಳಿಜೋಳ ಬಿತ್ತಿದರೆ ಮತ್ತೆ ದೊಡ್ಡ ಮಳೆ ಬಾರದಿದ್ದರೂ, ಚಳಿಯ ಇಬ್ಬನಿಯಲ್ಲಿ ಬೆಳೆದು, ಮಾಘದ ಹೊತ್ತಿಗೆ ತೆನೆ ಕೊಯ್ಲಿಗೆ ಬರುತ್ತದೆ. ಇಲ್ಲಿಯ ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ, ಅಂದರೆ ಎಂ-35-1 ತಳಿ, ಮಹಾರಾಷ್ಟ್ರದ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ನಾಟಿ ಜೋಳದಿಂದಲೇ ಆಯ್ದು ತೆಗೆದದ್ದು.

ಹಿಂದಿನ ಹೊಲದಲ್ಲಿ ಜೋಳ ಒಂದೇ ಇರುತ್ತಿರಲಿಲ್ಲ. ಕೆಲವು ಸಾಲು ಜೋಳವಾದ ಮೇಲೆ ಒಂದು ಸಾಲು ಕಡಲೆ, ಇನ್ನೊಂದು ಕಡೆ ಅಗಸಿ; ಇದೇ ಅಕ್ಕಡಿ. ಬದುವಿನ ಗುಂಟ ಕುಸುಬಿ. ಕುಸುಬಿಯ ಮುಳ್ಳಿಗೆ ದನ ಒಳಗೆ ನುಗ್ಗುತ್ತಿರಲಿಲ್ಲ. ಅದರ ಕಾಳಿನಿಂದ ಮನೆಗೆ ಎಣ್ಣೆ, ಎಳೆ ಎಲೆಯಿಂದ ಪಲ್ಯ, ಕಾಳು ರುಬ್ಬಿ ಹಿಂಡಿದ ಹಾಲಿನಿಂದ ಹಬ್ಬಕ್ಕೆ ಹುಗ್ಗಿ. ಮುಂಗಾರಿಯಲ್ಲಿ ಸಜ್ಜೆ, ಹೆಸರು, ತೊಗರಿ, ಮಡಕಿ, ಗುರೆಳ್ಳು. ತಟ್ಟೆಯಲ್ಲಿ ಬಂದು ಕೂಡುವ ಪದಾರ್ಥಗಳ ಪಟ್ಟಿ ಬರೆದರೆ ಅದೇ ಈ ಅಕ್ಕಡಿ ಸಾಲುಗಳ ಪಟ್ಟಿಯೂ ಆಗುತ್ತದೆ. ಪೇಟೆಯಿಂದ ತರಬೇಕಾದದ್ದು ಉಪ್ಪು, ಬೆಲ್ಲ, ಒಂದಿಷ್ಟು ಮಸಾಲಿ ಸಾಮಾನು ಮಾತ್ರ. ಊಟ ಅಗ್ಗವಾಗಿದ್ದ ಗುಟ್ಟು ಇಲ್ಲಿದೆ. ಹೊಲಕ್ಕೆ ಒಂದೇ ಬೆಳೆ ಬಂದಾಗ ಅದೇ ಊಟಕ್ಕೆ ಪ್ರತಿಯೊಂದನ್ನೂ ದುಡ್ಡು ಕೊಟ್ಟು ತರಬೇಕಾಯಿತು.

ರೊಟ್ಟಿ

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ಕಲಸಿದರೆ ಹಿಟ್ಟು ಕೂಡಿಕೊಳ್ಳುವುದೇ ಇಲ್ಲ. ಅದಕ್ಕೇ ಎಸರು, ಅಂದರೆ ಕುದಿಯುವ ನೀರು. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ, ನಡುವೆ ಕುಣಿ ತೆಗೆದು, ಮರಳುವ ಎಸರನ್ನು ಸುರಿಯುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬಿಡುತ್ತದೆ. ಆ ಅಂಟೇ ರೊಟ್ಟಿಗೆ ಜಿಗಿ. ಕೈ ಸುಡುವಷ್ಟು ಬಿಸಿ ಇರುವಾಗಲೇ ಒಂದೊಂದು ರೊಟ್ಟಿಗೆ ಬೇಕಾದಷ್ಟು ಹಿಟ್ಟು ಎಳೆದುಕೊಂಡು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದ್ದು ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ.

ಬಡಿಯುವುದರಲ್ಲಿ ಇದೆ ಕಸುಬು. ಕೆಳಗೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ಆಮೇಲೆ ಅಂಗೈಯಿಂದ ಬಡಿಯುತ್ತ ಹೋದಂತೆ ರೊಟ್ಟಿ ತಾನೇ ಸುತ್ತು ತಿರುಗುತ್ತದೆ, ಅಗಲವಾಗುತ್ತದೆ. ಬಡಿತ ನಡುವೆ ಹಗುರ, ಅಂಚಿಗೆ ಜೋರು. ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ಹಂಚಿಗೆ ಹಾಕಿ, ನೀರಲ್ಲಿ ಅದ್ದಿದ ಅರಿವೆಯಿಂದ ಮೇಲ್ಭಾಗ ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಿ, ಕೊನೆಗೆ ಒಲೆಯ ಬಾಯಿಗೆ ಒರಗಿಸಿ ಉಬ್ಬಿಸುತ್ತಾರೆ. ಬಿಸಿರೊಟ್ಟಿಯ ಮೇಲ್ಪದರ ತೆಗೆದು, ಒಳಗೆ ಒಂದು ಚಮಚೆ ಎಣ್ಣೆ, ಖಾರಪುಡಿ ಸವರಿಕೊಂಡು ತಿನ್ನುವವರಿಗೆ ಬೇರೆ ಪಲ್ಯವೇ ಬೇಡ.

ಹಿಟ್ಟು ಹೊಸದಾಗಿರಬೇಕು. ತಿಂಗಳುಗಟ್ಟಲೆ ಇಟ್ಟ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಎಂಟು ಹತ್ತು ದಿನಕ್ಕಾಗುವಷ್ಟು ಜೋಳವನ್ನು ಮಾತ್ರ ಗಿರಣಿಗೆ ಒಯ್ಯುವ ರೂಢಿ ಇದಕ್ಕಾಗಿಯೇ. ಕಾಳು ಹಾಗಲ್ಲ, ವರ್ಷ ಇಟ್ಟರೂ ಇರುತ್ತದೆ. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರು. 1876–78ರ ಘೋರ ಬರ ಕಂಡ, ಆಗಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಈ ನೆಲಕ್ಕೆ ಹಗೇವೇ ಮುಂದಿನ ವರ್ಷದ ಭರವಸೆ.

ತೆಳ್ಳಗೆ ಬಡಿದು, ಹಂಚಿನ ಮೇಲೆ ಪೂರಾ ಒಣಗುವವರೆಗೆ ಬೇಯಿಸಿದ್ದು ಕಟಕ ರೊಟ್ಟಿ. ತೇವ ತಾಗದಂತೆ ಬುಟ್ಟಿಯಲ್ಲಿ ಜೋಡಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಒಮ್ಮೆ ಒಲೆ ಹೊತ್ತಿಸಿ ರಾಶಿ ರೊಟ್ಟಿ ಮಾಡಿಟ್ಟರೆ ಉರುವಲೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತದೆ; ಸಂಕ್ರಾಂತಿ ಊಟ ಅದಿಲ್ಲದೆ ಆಗದು.

ಕಾಳು, ಬೇಳೆ, ಕಡಲೆಹಿಟ್ಟು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂ, ನಾರು 3 ಗ್ರಾಂ ಕೂಡ ಇಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಮಡಕಿ, ಅಲಸಂದಿ, ಕಡಲೆಯಲ್ಲಿ ಅದು ಹೇರಳ. ರೊಟ್ಟಿಯ ಜೊತೆ ಕಾಳುಪಲ್ಯ ಇರಲೇಬೇಕು ಎಂಬ ಇಲ್ಲಿಯ ಹಟ ಈ ಕೊರತೆಯನ್ನು ನೇರವಾಗಿ ತುಂಬುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಿಗೆ, ತಿಂದರೂ ವಾರಕ್ಕೊಮ್ಮೆ ಕೊಳ್ಳಲು ಆಗದ ಮನೆಗಳಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.

ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಅರಿವೆಯಲ್ಲಿ ಬಿಗಿದು ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಒಂದು ಬಟ್ಟಲು ಮಡಕಿ ಎರಡು ಬಟ್ಟಲು ದಾಟುತ್ತದೆ, ಬೇಗ ಬೇಯುತ್ತದೆ, ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೂ ಮೊಳಕೆ ಒಳ್ಳೆಯದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮನೆಯ ಮಸಾಲಿ ಖಾರ, ಕೊನೆಗೆ ಒಂದು ಚಮಚೆ ಶೇಂಗಾಪುಡಿ, ಪಲ್ಯ ಮುಗಿಯಿತು.

ಪೇಟೆಗೆ ಹೋಗಲು ಆಗದ ದಿನ, ತರಕಾರಿ ತುಟ್ಟಿಯಾದ ದಿನ ಜುಣಕ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ. ಅರಿಸಿನ, ಉಪ್ಪು, ಚೂರು ಹುಣಸೆರಸ. ಎರಡು ಬಟ್ಟಲು ನೀರು ಹಾಕಿ ಕುದಿ ಬಂದ ಮೇಲೆ ಒಂದು ಬಟ್ಟಲು ಕಡಲೆಹಿಟ್ಟನ್ನು ಒಂದು ಕೈಯಿಂದ ಉದುರಿಸುತ್ತ, ಇನ್ನೊಂದು ಕೈಯಿಂದ ಗಂಟಾಗದಂತೆ ತಿರುವಬೇಕು. ಮುಚ್ಚಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಬೇಯಿಸಬೇಕು. ಅದನ್ನೇ ಎಣ್ಣೆ ಸವರಿದ ತಾಟಿಗೆ ಹರವಿ ಕತ್ತರಿಸಿದರೆ ಜುಣಕದ ವಡಿ, ಬುತ್ತಿಗೆ ಹೇಳಿ ಮಾಡಿಸಿದ್ದು. ಹೋಳಿಗೆ ದಿನ ಕಡಲೆಬೇಳೆ ಬೇಯಿಸಿ ಬಸಿದ ನೀರನ್ನು ಚೆಲ್ಲುವುದಿಲ್ಲ. ಅದೇ ಕಟ್ಟಿನ ಸಾರು. ಮರುದಿನ ಅದಕ್ಕೆ ರುಚಿ ಹೆಚ್ಚು.

ತಪ್ಪಲ ಪಲ್ಯ

ಎರಿ ಹೊಲದಲ್ಲಿ ಹಕ್ಕರಕಿ ಕಳೆಯಾಗಿ ಹುಟ್ಟುತ್ತದೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಉಡಿ ತುಂಬ ಕಿತ್ತು ತರುತ್ತಾರೆ. ತೊಳೆದು, ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನಬೇಕು. ಚೂರು ಕಹಿ, ಅಗಿದಂತೆ ಹಿತ. ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಮೂಲಂಗಿ, ಸೌತೆಕಾಯಿ ಸಹ ಹಸಿಯಾಗಿಯೇ ತಟ್ಟೆಗೆ ಬರುತ್ತವೆ. ಬೇಯಿಸದಿದ್ದರಿಂದ ಉರುವಲು ಉಳಿಯಿತು, ಸಿ ಜೀವಸತ್ವವೂ ಉಳಿಯಿತು. ಆ ಜೀವಸತ್ವ ಇದ್ದರೆ ಜೋಳದ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ.

ಕಡಲೆ ಗಿಡದ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ, ಮನೆಗೆ ಪಲ್ಯವೂ ಸಿಗುತ್ತದೆ. ಎಲೆಯ ಮೇಲೆ ತಾನಾಗಿ ಜಿನುಗುವ ಹುಳಿಯಿಂದ ಈ ಪಲ್ಯಕ್ಕೆ ಹುಣಸೆ ಬೇಡ. ಹೆಚ್ಚಾದದ್ದನ್ನು ನೆರಳಲ್ಲಿ ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ. ಪುಂಡಿಪಲ್ಯದ ರೀತಿ ಬೇರೆ. ಹುಳಿ ಎಲೆಯನ್ನು ಬೇಯಿಸಿ, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ಸೊಪ್ಪು, ಬೇಳೆ, ಧಾನ್ಯ ಮೂರೂ ಒಂದೇ ಪಾತ್ರೆಯಲ್ಲಿ. ಒಂದು ಕಟ್ಟು ಪುಂಡಿಯಲ್ಲಿ ಐದಾರು ಜನ ಊಟ ಮಾಡುತ್ತಾರೆ.

ಒಣ ಚಟ್ನಿ

ಬಡವರ ಮನೆಯಲ್ಲಿ ಕೊಬ್ಬು, ಪ್ರೋಟೀನು ಎರಡಕ್ಕೂ ಆಸರೆ ಒಣ ಚಟ್ನಿಯ ಡಬ್ಬಿಗಳು. ಶೇಂಗಾದಲ್ಲಿ 100 ಗ್ರಾಮಿಗೆ 23ರಿಂದ 25 ಗ್ರಾಂ ಪ್ರೋಟೀನು. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಊದಿ, ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪಿನ ಜೊತೆ ಒಳ್ಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಚಟ್ನಿ ಮುದ್ದೆಯಾಗಿ ಹಿಡಿದುಕೊಳ್ಳುತ್ತದೆ. ಮಿಕ್ಸಿಯಲ್ಲಿ ಆ ಹದ ಬರಬೇಕಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಅಗಸಿಯನ್ನು ಚಟಪಟ ಸಿಡಿಯುವವರೆಗೆ ಹುರಿದು ಪುಡಿ ಮಾಡುತ್ತಾರೆ; ಇಡೀ ಕಾಳು ತಿಂದರೆ ಜೀರ್ಣವಾಗದೆ ಹಾಗೇ ಹೋಗುತ್ತದೆ. ಮೀನಿನ ಎಣ್ಣೆಯ ಬಗ್ಗೆ ಹೇಳುವ ಒಮೆಗಾ-3 ಕೊಬ್ಬಿನ ಗುಂಪಿಗೆ ಸೇರಿದ ಅಂಶ ಅಗಸಿಯಲ್ಲಿದೆ. ಪುಡಿಯಾದ ಅಗಸಿ ಬೇಗ ಕಮಟುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಲೇಸು. ಗುರೆಳ್ಳು ಚಟ್ನಿಯನ್ನು ಎಣ್ಣೆಗಾಯಿಯ ಮಸಾಲಿಗೂ ಹಾಕುತ್ತಾರೆ. ಇವುಗಳ ಪಕ್ಕದಲ್ಲಿ ಕೆಂಪು ಚಟ್ನಿ: ಹಣ್ಣು ಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ, ಉಪ್ಪು ರುಬ್ಬಿ ಭರಣಿಗೆ ತುಂಬಿದ್ದು, ಮೊಸರಲ್ಲಿ ಕಲಸಿಕೊಂಡು ತಿನ್ನಲು.

ತಂಗಳು

ಉಳಿದ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ, ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟರೆ ಬೆಳಗಿನ ನಾಷ್ಟಾ. ರೊಟ್ಟಿ ಇನ್ನೂ ಬಿಸಿ ಇರುವಾಗಲೇ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ ಸೇರಿಸಿ ಕುಟ್ಟಿದರೆ ಮುಟಗಿ. ನುಚ್ಚಿಗೆ ಮಜ್ಜಿಗೆ ಬೆರೆಸಿದರೆ ಬೇಸಿಗೆಯ ಮಧ್ಯಾಹ್ನ ಕಳೆಯುತ್ತದೆ.

ಬನಶಂಕರಿಯ ಬುಟ್ಟಿ ಊಟ

ಬಾದಾಮಿಯಿಂದ ಐದು ಕಿಲೊಮೀಟರಿನಷ್ಟು ದೂರದ ಚೊಳಚಗುಡ್ಡದ ಬನಶಂಕರಿ, ಶಾಕಾಂಭರಿ ದೇವಿ. ಪುಷ್ಯಮಾಸದ ಬನದ ಹುಣ್ಣಿಮೆ ಜಾತ್ರೆಗೆ ಮುನ್ನ ದೇವಿಗೆ 108 ಬಗೆಯ ಪಲ್ಯ ಏರಿಸುವ ಪಲ್ಯದ ಹಬ್ಬ ನಡೆಯುತ್ತದೆ. ಕಾಯಿಪಲ್ಯವನ್ನೇ ನೈವೇದ್ಯವಾಗಿ ಕೇಳುವ ದೇವಿ ಮಳೆ ಕಡಿಮೆಯ ಸೀಮೆಯಲ್ಲಿ ನೆಲೆಸಿರುವುದು ಸಹಜ ಎನಿಸುತ್ತದೆ.

ಗುಡಿಯ ಆವರಣದಲ್ಲಿ, ಹರಿದ್ರಾ ತೀರ್ಥದ ಆಸುಪಾಸಿನಲ್ಲಿ ಹತ್ತಿರದ ಊರುಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ಊಟ ಮಾರುತ್ತಾರೆ. ‘ಊಟ ಮಾಡ್ರೀ ಯಪ್ಪಾ, ಬಿಸಿ ರೊಟ್ಟಿ ಅದಾವು’ ಎಂದು ಕರೆದು ಕೂಡಿಸುತ್ತಾರೆ. ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ, ಸಜ್ಜೆಯ ರೊಟ್ಟಿ, ಮುಳಗಾಯಿ (ಬದನೆಕಾಯಿ) ಪಲ್ಯ, ಕಾಳುಪಲ್ಯ, ಎರಡು ಮೂರು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಮನೆಯ ಒಲೆಯ ಮೇಲಿನ ಅಡುಗೆಯನ್ನೇ ಇಲ್ಲಿ ದುಡಿಮೆ ಮಾಡಿಕೊಂಡಿದ್ದಾರೆ. ಅಂಗಡಿ ಬಾಡಿಗೆ ಇಲ್ಲ, ಬಂಡವಾಳ ಎಂದರೆ ಜೋಳ ಮತ್ತು ನಸುಕಿನಲ್ಲಿ ಏಳುವ ಮೈಕಸುವು.

ಅಕ್ಕಿಯ ಲೆಕ್ಕ, ಜೋಳದ ಲೆಕ್ಕ

2013ರ ಜುಲೈನಲ್ಲಿ ರಾಜ್ಯ ಸರ್ಕಾರದ ಅನ್ನಭಾಗ್ಯ ಯೋಜನೆ ಬಂದಾಗ ಪಡಿತರ ಅಕ್ಕಿ ಕಿಲೊಗೆ ₹1, 2015ರಿಂದ ಉಚಿತ. ಹಸಿವು ನೀಗುವುದರಲ್ಲಿ ಈ ಯೋಜನೆಯ ಪಾಲು ದೊಡ್ಡದು, ಅದನ್ನು ಲಘುವಾಗಿ ಕಾಣುವುದು ತಪ್ಪು. ಆದರೆ ಜೋಳ ಉಣ್ಣುವ ಸೀಮೆಗೆ ಹೆಚ್ಚಾಗಿ ಬಂದದ್ದು ಅಕ್ಕಿ.

ನಾಲ್ಕು ಜನರ ಮನೆಯಲ್ಲಿ ತಲೆಗೆ ಹೊತ್ತಿಗೆ ಎರಡರಂತೆ, ಎರಡು ಹೊತ್ತಿಗೆ, ದಿನಕ್ಕೆ 16 ರೊಟ್ಟಿ ಎಂದುಕೊಳ್ಳೋಣ. ರೊಟ್ಟಿಗೆ 75 ಗ್ರಾಂ ಹಿಟ್ಟು ಹಿಡಿದರೆ ದಿನಕ್ಕೆ 1.2 ಕಿಲೊ, ತಿಂಗಳಿಗೆ 36 ಕಿಲೊ. ಕೇಂದ್ರ ಸರ್ಕಾರ 2025–26ಕ್ಕೆ ಮಾಲದಂಡಿ ಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ₹3,749. ಆ ದರದಲ್ಲೇ ಸಿಕ್ಕರೂ ತಿಂಗಳಿಗೆ ಸುಮಾರು ₹1,350, ಗಿರಣಿ ಖರ್ಚು ಬೇರೆ. ಅಕ್ಕಿ ಬಿಟ್ಟಿ. ಹೊಲ ಇಲ್ಲದ ಮನೆ ರಾತ್ರಿ ಊಟದಿಂದ ಮೊದಲು ರೊಟ್ಟಿ ತೆಗೆಯುವುದು ಈ ಲೆಕ್ಕದಿಂದಲೇ. ಹಾಗಾದಾಗಲೂ ಕಾಳುಪಲ್ಯ, ಚಟ್ನಿ, ತಪ್ಪಲು ಕೈಬಿಡದಿದ್ದರೆ ನಷ್ಟ ಕಡಿಮೆ. ಅನ್ನಕ್ಕೆ ಬರೀ ತಿಳಿಸಾರು ಸುರಿದುಕೊಂಡರೆ ನಷ್ಟ ದೊಡ್ಡದು. ಪಡಿತರದಲ್ಲಿ ಜೋಳ ಉಣ್ಣುವ ಜಿಲ್ಲೆಗಳಿಗೆ ವರ್ಷವಿಡೀ ಜೋಳ ಸಿಗುವಂತಾದರೆ ಉಣ್ಣುವವರಿಗೂ ಬೆಳೆಯುವವರಿಗೂ ಒಳಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಳ್ಳುವವರು ಸುಗ್ಗಿ ನೋಡಿ ಕೊಳ್ಳಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಜೋಳ, ಕಡಲೆ ರಾಶಿಯಾಗುತ್ತವೆ. ರೈತರಿಂದ ನೇರ ಚೀಲಗಟ್ಟಲೆ ಕೊಂಡು, ಬಿಸಿಲಲ್ಲಿ ಒಣಗಿಸಿ ಇಟ್ಟರೆ ವರ್ಷಕ್ಕಾಗುತ್ತದೆ. ಒಮ್ಮೆಲೇ ದುಡ್ಡು ಹೊಂದಿಸಲಾಗದವರು ನಾಲ್ಕು ಮನೆ ಸೇರಿ ಒಂದು ಚೀಲ ಹಂಚಿಕೊಳ್ಳುವುದುಂಟು.

ಬೆಲೆ ಕಟ್ಟದ ದುಡಿಮೆ

ಈ ಊಟದ ಅಗ್ಗದಲ್ಲಿ ಒಂದು ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಹದಿನಾರು ರೊಟ್ಟಿ ಬಡಿಯಲು ಒಲೆಯ ಮುಂದೆ ಗಂಟೆ ಹೊತ್ತು ಕೂಡಬೇಕು. ಬೆನ್ನು, ಭುಜ, ಹೊಗೆ ಕುಡಿದ ಕಣ್ಣು ಹೆಂಗಸಿನವು. ಇಳಕಲ್ಲಿನ ನೇಕಾರ ಮನೆಗಳಲ್ಲಿ ಅದೇ ಹೆಂಗಸು ಆಮೇಲೆ ನೂಲು ಸುತ್ತಬೇಕು, ಮಗ್ಗದ ಕೆಲಸಕ್ಕೆ ಕೈ ಜೋಡಿಸಬೇಕು. ರೊಟ್ಟಿಗೆ ಹೋದ ಗಂಟೆ ಸೀರೆಯ ಕೂಲಿಯಿಂದ ಕಳೆದ ಗಂಟೆ.

ಇಂಥ ಮನೆಗಳು ಹುಡುಕಿಕೊಂಡ ದಾರಿ ರೊಟ್ಟಿಯನ್ನು ಕೊಳ್ಳುವುದು. ಈ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವ ಮನೆಗಳಿವೆ, ಮಹಿಳಾ ಸಂಘಗಳ ಕೇಂದ್ರಗಳಿವೆ. ಬಿಸಿ ರೊಟ್ಟಿಗೂ ಕಟಕ ರೊಟ್ಟಿಗೂ ಎಣಿಕೆಯ ಮೇಲೆ ದರ. ಕಟಕ ರೊಟ್ಟಿಯ ಕಟ್ಟು ತಂದಿಟ್ಟುಕೊಂಡು, ಪಲ್ಯ ಒಂದನ್ನೇ ಮನೆಯಲ್ಲಿ ಮಾಡಿಕೊಂಡರೆ ಗ್ಯಾಸಿನ ಖರ್ಚೂ ಇಳಿಯುತ್ತದೆ. ಹಿಟ್ಟು ಒತ್ತಿ ಅಗಲ ಮಾಡುವ ಯಂತ್ರ ಹಲವು ಕೇಂದ್ರಗಳಿಗೆ ಬಂದಿದೆ. ಕೈಯಿಂದ ಬಡಿದ ರೊಟ್ಟಿಯ ಪದರ ಅದರಲ್ಲಿ ಬಾರದು ಎನ್ನುವವರಿದ್ದಾರೆ, ನಿಜವೂ ಹೌದು. ಆದರೂ ಭುಜ ನೋಯಿಸಿಕೊಂಡು ಬಡಿಯುವವರಿಗೆ ಯಂತ್ರ ಬೇಡವೆನ್ನುವ ಹಕ್ಕು ಕೂತು ಉಣ್ಣುವವರಿಗೆ ಇಲ್ಲ. ಮನೆಯಲ್ಲೇ ಬಡಿಯುವುದಾದರೆ ನಾದಿ ಕೊಡುವುದು, ಹಂಚಿನ ಮೇಲೆ ಮಗುಚಿ ಬೇಯಿಸುವುದು ಗಂಡಸರೂ ಮಕ್ಕಳೂ ಒಂದು ವಾರದಲ್ಲಿ ಕಲಿಯಬಹುದಾದ ಕೆಲಸ. ಬಡಿಯುವ ಕೈ ಕುದುರಲು ಇನ್ನಷ್ಟು ದಿನ ಹಿಡಿಯುತ್ತದೆ.